ಬೆಳ್ಳುಳ್ಳಿ ಮೊಳಕೆ: ಎಸಳು ಬುತ್ತಿ ಬಿಚ್ಚುವ ಹೊತ್ತು

ಮಳೆಗಾಲ ಮುಗಿಯುತ್ತಾ ಬಂತೆಂದರೆ ಅಡುಗೆಮನೆಯ ಬುಟ್ಟಿಯಲ್ಲಿರುವ ಬೆಳ್ಳುಳ್ಳಿ ಮೆತ್ತಗಾಗತೊಡಗುತ್ತದೆ. ಸಿಪ್ಪೆ ಬಿಡಿಸಿದರೆ ಎಸಳಿನ ತುದಿಯಲ್ಲಿ ಹಸಿರು ಮೂತಿ. ಒಗ್ಗರಣೆಗೆ ಹಾಕುವ ಮೊದಲು ಎಸಳನ್ನು ಸೀಳಿ ಆ ಹಸಿರು ಎಳೆಯನ್ನು ಕಿತ್ತು ಬಿಸಾಡುವವರಿದ್ದಾರೆ. ಮೊಳಕೆ ಬಂತೆಂದು ಇಡೀ ಗಡ್ಡೆಯನ್ನೇ ಕಸಕ್ಕೆ ಹಾಕುವವರೂ ಇದ್ದಾರೆ. 2024ರಲ್ಲಿ ಬೆಳ್ಳುಳ್ಳಿ ಕಿಲೋಗೆ 400 ರೂಪಾಯಿ ದಾಟಿದಾಗ ಹಾಗೆ ಬಿಸಾಡಲು ನನಗೆ ಮನಸ್ಸು ಬರಲಿಲ್ಲ. ಮೊಳೆತ ಏಳೆಂಟು ಎಸಳುಗಳನ್ನು ಒಂದು ಗಾಜಿನ ಲೋಟದಲ್ಲಿ ನಿಲ್ಲಿಸಿ, ಬುಡ ಮುಟ್ಟುವಷ್ಟು ನೀರು ಹಾಕಿ ಕಿಟಕಿಯಲ್ಲಿಟ್ಟೆ. ಹತ್ತು ಹನ್ನೆರಡು ದಿನಕ್ಕೆ ಗೇಣುದ್ದ ಎಲೆ ಬಂತು. ಕತ್ತರಿಸಿ ಮೊಸರುಬಜ್ಜಿಗೆ ಹಾಕಿದಾಗ ಹಸಿ ಈರುಳ್ಳಿಗಿಂತ ಮೆದುವಾದ, ಆದರೆ ಬೆಳ್ಳುಳ್ಳಿಯದೇ ಎಂದು ಥಟ್ಟನೆ ಗೊತ್ತಾಗುವ ಪರಿಮಳ.

ಈ ಎಲೆಯ ಬಗ್ಗೆ ಈಗ ಬಹಳ ಮಾತು ಕೇಳಿಬರುತ್ತಿದೆ. ಹೃದಯಕ್ಕೆ ಒಳ್ಳೆಯದು, ಕ್ಯಾನ್ಸರ್ ತಡೆಯುತ್ತದೆ, ಎಸಳಿಗಿಂತ ಹತ್ತು ಪಟ್ಟು ಸತ್ವ ಎಂದೆಲ್ಲ ಹೇಳುತ್ತಾರೆ. ಇದರಲ್ಲಿ ಎಷ್ಟು ಗಟ್ಟಿ, ಎಷ್ಟು ಜೊಳ್ಳು ಎಂದು ತಿಳಿಯಬೇಕಾದರೆ ಮೊಳಕೆ ಬರುವಾಗ ಎಸಳಿನೊಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು.

ಮೊದಲು ಭಯದ ಮಾತು ಮುಗಿಸಿಬಿಡೋಣ. ಮೊಳಕೆ ಬಂದ ಬೆಳ್ಳುಳ್ಳಿ ವಿಷವಲ್ಲ. ಆ ಹೆದರಿಕೆ ಆಲೂಗಡ್ಡೆಯಿಂದ ಬಂದದ್ದು. ಆಲೂಗಡ್ಡೆ ಮೊಳೆತಾಗ, ಸಿಪ್ಪೆ ಹಸಿರಾದಾಗ ಸೋಲನಿನ್‌ನಂಥ ವಿಷವಸ್ತುಗಳು ಅದರಲ್ಲಿ ಹೆಚ್ಚುತ್ತವೆ, ಅದನ್ನು ದೂರವಿಡುವುದು ಸರಿಯೇ. ಬೆಳ್ಳುಳ್ಳಿ ಈರುಳ್ಳಿಯ ದಾಯಾದಿ. ಅದರ ಮೊಳಕೆಯಲ್ಲಿ ಆ ವಿಷ ತಯಾರಾಗುವುದಿಲ್ಲ. ಒಳಗಿನ ಹಸಿರು ಎಳೆ ಸ್ವಲ್ಪ ಕಹಿ, ಅಷ್ಟೇ. ಎಸೆಯಬೇಕಾದದ್ದು ಬೂಷ್ಟು ಹಿಡಿದ ಎಸಳನ್ನು: ಮೇಲೆ ನೀಲಿ ಹಸಿರು ಪುಡಿ ಕೂತಿದ್ದರೆ, ಒತ್ತಿದಾಗ ಕೊಳೆತ ವಾಸನೆ ಬಂದರೆ ಅದು ಅಡುಗೆಗೂ ಬೇಡ, ಲೋಟಕ್ಕೂ ಬೇಡ. ಇನ್ನು ನಿಂಬೆರಸದ ಉಪ್ಪಿನಕಾಯಿಯಲ್ಲಿ ಬೆಳ್ಳುಳ್ಳಿ ಕೆಲವೊಮ್ಮೆ ಪಾಚಿಬಣ್ಣಕ್ಕೆ ತಿರುಗುವುದಿದೆ. ಅದು ಬೂಷ್ಟಲ್ಲ. ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳು ಹುಳಿಯ ಜೊತೆ ಸೇರಿ ಕೊಡುವ ಬಣ್ಣ. ತಂಪಿನಲ್ಲಿಟ್ಟ ಬೆಳ್ಳುಳ್ಳಿಯಲ್ಲಿ ಇದು ಹೆಚ್ಚು. ಉತ್ತರ ಚೀನಾದಲ್ಲಂತೂ ಚಳಿಗಾಲದಲ್ಲಿ ವಿನೆಗರ್‌ನಲ್ಲಿ ನೆನೆಸಿ ಬೇಕೆಂದೇ ಹಸಿರು ಮಾಡಿ ತಿನ್ನುತ್ತಾರೆ.

ಎಸಳಿನೊಳಗಿನ ಬುತ್ತಿ

ನಾವು ಬಿಡಿಸುವ ಒಂದು ಎಸಳು ನಿಜಕ್ಕೂ ಒಂದು ಪುಟ್ಟ ಗಿಡ. ಒಳಗೆ ಕೂದಲೆಳೆಯಷ್ಟು ಸಣ್ಣ ಮೊಗ್ಗು, ಅದನ್ನು ಸುತ್ತಿಕೊಂಡು ದಪ್ಪಗಾದ ಒಂದು ಎಲೆ. ನಾವು ಜಜ್ಜುವ ಬಿಳಿ ತಿರುಳು ಎಂದರೆ ಆ ಎಲೆಯೇ. ಹೊರಗಿನ ಒಣ ಸಿಪ್ಪೆಯೂ ಒಂದು ಎಲೆಯೇ. ಬುಡದ ಗಟ್ಟಿ ತಟ್ಟೆ ಕಾಂಡ, ಬೇರು ಹೊರಡುವುದು ಅಲ್ಲಿಂದ. ಬೆಳ್ಳುಳ್ಳಿ ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಸಾವಿರಾರು ವರ್ಷಗಳಿಂದ ರೈತರು ಎಸಳನ್ನೇ ನೆಟ್ಟು ಬೆಳೆಯುತ್ತಾ ಬಂದಿದ್ದಾರೆ. ಹಾಗಾಗಿ ಹೆಸರುಕಾಳಿನ ಮೊಳಕೆಗೂ ಇದಕ್ಕೂ ವ್ಯತ್ಯಾಸವಿದೆ. ಅದು ಬೀಜದಿಂದ ಹುಟ್ಟುವ ಮರಿ, ಇದು ತಾಯಿಗಿಡದ ಒಂದು ತುಂಡು ಮತ್ತೆ ಚಿಗುರುವುದು.

ದೂರದ ಪಯಣಕ್ಕೆ ಹೊರಟವರು ಬುತ್ತಿ ಕಟ್ಟಿಕೊಳ್ಳುವಂತೆ ಈ ಗಿಡವೂ ಬುತ್ತಿ ಕಟ್ಟಿಕೊಂಡೇ ಮಲಗುತ್ತದೆ. 100 ಗ್ರಾಂ ಹಸಿ ಬೆಳ್ಳುಳ್ಳಿಯಲ್ಲಿ ಸುಮಾರು 33 ಗ್ರಾಂ ಕಾರ್ಬೋಹೈಡ್ರೇಟ್, 6 ಗ್ರಾಂ ಪ್ರೋಟೀನ್, 31 ಮಿಲಿಗ್ರಾಂನಷ್ಟು ವಿಟಮಿನ್ ಸಿ ಇರುತ್ತದೆ. ಆ ಕಾರ್ಬೋಹೈಡ್ರೇಟಿನ ಬಹುಪಾಲು ಪಿಷ್ಟವಲ್ಲ, ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿ. ಕಣ್ಣಿಗೆ ಬೇಕಾದ ವಿಟಮಿನ್ ಎ ಆಗಿ ಬದಲಾಗುವ ಬೀಟಾ ಕ್ಯಾರೋಟಿನ್ ಮಾತ್ರ ಬಿಳಿ ಎಸಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಕಿತ್ತ ಹೊಸತರಲ್ಲಿ ಎಸಳನ್ನು ನೀರಲ್ಲಿಟ್ಟರೂ ಬೇಗ ಚಿಗುರುವುದಿಲ್ಲ. ಅದಕ್ಕೆ ಸುಪ್ತಾವಸ್ಥೆ ಎನ್ನುತ್ತಾರೆ. ಬೆಳ್ಳುಳ್ಳಿಯ ತವರು ಮಧ್ಯ ಏಷ್ಯಾದ ಬೆಟ್ಟಸೀಮೆ. ಅಲ್ಲಿ ಬಿರುಬೇಸಿಗೆಯಲ್ಲಿ ಚಿಗುರಿದರೆ ಒಣಗಿ ಸಾಯಬೇಕು, ತಂಪು ಬಂದ ಮೇಲೆ ಚಿಗುರಿದರೆ ಬದುಕಬಹುದು. ಆ ನೆನಪು ಇಂದಿಗೂ ಎಸಳಿನಲ್ಲಿ ಉಳಿದಿದೆ. 5ರಿಂದ 10 ಡಿಗ್ರಿ ಸೆಲ್ಸಿಯಸ್‌ನ ತಂಪು ತಗುಲಿದರೆ ಅದರ ನಿದ್ದೆ ಹರಿಯುತ್ತದೆ. ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿಟ್ಟ ಬೆಳ್ಳುಳ್ಳಿ ಹೊರಗಿಟ್ಟದ್ದಕ್ಕಿಂತ ಬೇಗ ಮೊಳೆಯುವುದು ಇದೇ ಕಾರಣಕ್ಕೆ.

ನಿದ್ದೆ ಹರಿದೊಡನೆ ಬುತ್ತಿ ಬಿಚ್ಚುತ್ತದೆ. ಕಿಣ್ವಗಳು ಫ್ರಕ್ಟಾನ್ ಸರಪಳಿಯನ್ನು ತುಂಡರಿಸಿ ಸಣ್ಣ ಸಕ್ಕರೆಗಳನ್ನಾಗಿ ಮಾಡುತ್ತವೆ, ಪ್ರೋಟೀನ್ ಒಡೆದು ಅಮೈನೋ ಆಮ್ಲಗಳಾಗುತ್ತವೆ, ಎಲ್ಲವೂ ಚಿಗುರಿನತ್ತ ಹರಿಯುತ್ತವೆ. ಎಸಳು ಮೆತ್ತಗಾಗುವುದು, ಸೊರಗುವುದು ಅದಕ್ಕೇ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬರೀ ನೀರಿನಲ್ಲಿ ಬೆಳೆದ ಮೊಳಕೆಗೆ ಹೊರಗಿನಿಂದ ಬರುವುದು ನೀರು, ಗಾಳಿ, ಬೆಳಕು ಮಾತ್ರ. ಕಬ್ಬಿಣ, ಸತು, ಗಂಧಕ ಇವೆಲ್ಲ ಎಸಳಿನಲ್ಲಿ ಎಷ್ಟಿತ್ತೋ ಅಷ್ಟೇ. ನಲ್ಲಿ ನೀರು ಕೊಡುವ ಚೂರುಪಾರು ಲೆಕ್ಕಕ್ಕಿಲ್ಲ. ಜೊತೆಗೆ ಗಿಡ ಉಸಿರಾಡುತ್ತಾ ತನ್ನ ಸಕ್ಕರೆಯನ್ನು ಸ್ವಲ್ಪ ಸುಡುತ್ತದೆ. ಆದ್ದರಿಂದ "ಹತ್ತು ಪಟ್ಟು ಸತ್ವ" ಎನ್ನುವುದು ಖನಿಜಗಳ ಮಟ್ಟಿಗಂತೂ ಸಾಧ್ಯವಿಲ್ಲದ ಮಾತು.

ಹಾಗಾದರೆ ಹೊಸದಾಗಿ ಹುಟ್ಟುವುದು ಯಾವುದು? ಬೆಳಕು ಬಿದ್ದಲ್ಲಿ ಎಲೆ ಪತ್ರಹರಿತ್ತನ್ನು ಕಟ್ಟುತ್ತದೆ. ಅದರ ಜೊತೆಜೊತೆಗೇ ಬೀಟಾ ಕ್ಯಾರೋಟಿನ್, ಲ್ಯೂಟೀನ್‌ನಂಥ ಬಣ್ಣದ ವಸ್ತುಗಳು, ವಿಟಮಿನ್ ಕೆ, ವಿಟಮಿನ್ ಸಿ ಕೂಡ ಬರುತ್ತವೆ. ಒಂದು ಗಡ್ಡೆ ತರಕಾರಿ ಸೊಪ್ಪಾಗಿ ಮಾರ್ಪಡುತ್ತದೆ ಎನ್ನಬಹುದು. ಚೀನೀಯರು ಇದರ ಎರಡೂ ಬಗೆಯನ್ನು ಬಲ್ಲರು. ಬೆಳಕಿನಲ್ಲಿ ಬೆಳೆದ ಹಸಿರು ಸುವಾನ್ ಮಿಯಾವ್ ಒಂದು, ಕತ್ತಲಲ್ಲಿ ಮುಚ್ಚಿಟ್ಟು ಬೆಳೆಸಿದ ಹಳದಿ ಸುವಾನ್ ಹ್ವಾಂಗ್ ಇನ್ನೊಂದು. ಹಳದಿಯದು ಮೃದು, ಸಿಹಿ, ಬಾಯಿಗೆ ಬಹಳ ರುಚಿ. ಆದರೆ ಪೋಷಣೆಗಾಗಿ ಬೆಳೆಯುವವರು ಹಸಿರನ್ನೇ ಆರಿಸಿಕೊಳ್ಳಬೇಕು.

ಘಾಟು ಎಲ್ಲಿಂದ ಬರುತ್ತದೆ

ಇಡಿಯಾದ ಎಸಳನ್ನು ಮೂಗಿಗೆ ಹಿಡಿದರೆ ವಾಸನೆಯಿಲ್ಲ, ಜಜ್ಜಿದರೆ ಮನೆಯೆಲ್ಲ ಘಮ್ಮೆನ್ನುತ್ತದೆ. ಈ ಚಿಕ್ಕ ಸಂಗತಿಯಲ್ಲೇ ಬೆಳ್ಳುಳ್ಳಿಯ ಗುಟ್ಟಿದೆ. ಜೀವಕೋಶದ ಒಂದು ಕೋಣೆಯಲ್ಲಿ ಆಲಿಯಿನ್ ಎಂಬ ಗಂಧಕದ ವಸ್ತು ಇರುತ್ತದೆ, ವಾಸನೆಯಿಲ್ಲದ್ದು. ಪಕ್ಕದ ಕೋಣೆಯಲ್ಲಿ ಆಲಿನೇಸ್ ಎಂಬ ಕಿಣ್ವ. ನಡುವೆ ಗೋಡೆ. ಹುಳ ಕಚ್ಚಿದಾಗ, ಚಾಕು ತಗುಲಿದಾಗ, ಕುಟ್ಟಾಣಿ ಬಿದ್ದಾಗ ಗೋಡೆ ಒಡೆದು ಎರಡೂ ಸೇರುತ್ತವೆ. ಕ್ಷಣಗಳಲ್ಲಿ ಆಲಿಸಿನ್ ಹುಟ್ಟುತ್ತದೆ. ಇದು ಗಿಡದ ಕಾವಲು, ಹುಳುಹುಪ್ಪಟೆ ಬ್ಯಾಕ್ಟೀರಿಯಾಗಳನ್ನು ಓಡಿಸುವ ಅಸ್ತ್ರ. 1944ರಲ್ಲಿ ಅಮೆರಿಕದ ಚೆಸ್ಟರ್ ಕವಲಿಟೊ ಮತ್ತು ಜಾನ್ ಬೈಲಿ ಆಲಿಸಿನ್ ಅನ್ನು ಬೇರ್ಪಡಿಸಿ, ಅದು ಬ್ಯಾಕ್ಟೀರಿಯಾಗಳನ್ನು ತಡೆಯುವುದನ್ನು ತೋರಿಸಿದರು.

ಗಡ್ಡೆ ಕಟ್ಟುವ ಮೊದಲು ಗಿಡ ಈ ಗಂಧಕದ ಸಂಪತ್ತನ್ನು ಎಲೆಯಲ್ಲೇ ಇಟ್ಟುಕೊಂಡಿರುತ್ತದೆ. ಹಾಗಾಗಿ ಎಳೆ ಎಲೆಯಲ್ಲೂ ಆಲಿಯಿನ್, ಆಲಿನೇಸ್ ಎರಡೂ ಇವೆ. ಎಲೆಯಲ್ಲಿ ನೀರಿನಂಶ ಹೆಚ್ಚು, ಆದ್ದರಿಂದ ಘಾಟು ಮೆದು. ಎಲೆಯನ್ನು ಇಡಿಯಾಗಿ ಬೇಯುವ ಸಾರಿಗೆ ಹಾಕಿದರೆ ಬಿಸಿಗೆ ಕಿಣ್ವ ಸತ್ತುಹೋಗಿ ಆಲಿಸಿನ್ ಹುಟ್ಟುವುದೇ ಇಲ್ಲ. 2001ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಮೈಕ್ರೋವೇವ್‌ನಲ್ಲಿ 60 ಸೆಕೆಂಡು ಕಾಯಿಸಿದರೆ ಸಾಕು, ಬೆಳ್ಳುಳ್ಳಿಯ ಕಿಣ್ವ ಕೆಲಸ ನಿಲ್ಲಿಸಿತು. ಜಜ್ಜಿ 10 ನಿಮಿಷ ಬಿಟ್ಟು ಆಮೇಲೆ ಕಾಯಿಸಿದಾಗ ಬೆಳ್ಳುಳ್ಳಿಯ ಗುಣ ಪೂರ್ತಿ ನಾಶವಾಗಲಿಲ್ಲ. ಆ ಪ್ರಯೋಗ ಎಸಳಿನದು, ಆದರೆ ಎಲೆಯಲ್ಲಿಯೂ ಇರುವುದು ಅದೇ ಕಿಣ್ವ. ಹಾಗಾಗಿ ನಾನು ಎಲೆಯನ್ನು ಸಣ್ಣಗೆ ಹೆಚ್ಚಿ ತಟ್ಟೆಯಲ್ಲಿ ಹತ್ತು ನಿಮಿಷ ಬಿಟ್ಟು, ಒಲೆ ಆರಿಸಿದ ಮೇಲೆ ಅಡುಗೆಗೆ ಸೇರಿಸುತ್ತೇನೆ.

ಐದನೆಯ ದಿನದ ಮಾತು

ಬೆಳ್ಳುಳ್ಳಿ ಮೊಳಕೆಯ ಹೊಗಳಿಕೆಗೆಲ್ಲ ಮೂಲವಾಗಿರುವುದು ದಕ್ಷಿಣ ಕೊರಿಯಾದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ. ಮೊಳಕೆ ಬರಿಸಿದ ಬೆಳ್ಳುಳ್ಳಿಯನ್ನು ದಿನದಿನಕ್ಕೂ ಪರೀಕ್ಷಿಸಿದಾಗ, ಐದು ದಿನ ಮೊಳೆತದ್ದರ ಸಾರದಲ್ಲಿ ಆ್ಯಂಟಿಆಕ್ಸಿಡೆಂಟ್ ಶಕ್ತಿ, ಅಂದರೆ ಜೀವಕೋಶಗಳಿಗೆ ಹಾನಿ ಮಾಡುವ ವಸ್ತುಗಳನ್ನು ತಡೆಯುವ ಗುಣ, ತಾಜಾ ಬೆಳ್ಳುಳ್ಳಿಗಿಂತ ಹೆಚ್ಚಿತ್ತು. ಎಸಳಿನೊಳಗಿನ ರಾಸಾಯನಿಕಗಳ ಚಿತ್ರವೂ ಬದಲಾಗಿತ್ತು. ಇದರಲ್ಲಿ ಆಶ್ಚರ್ಯವೇನಿಲ್ಲ. ಸಿಪ್ಪೆಯೊಳಗೆ ಬೆಚ್ಚಗಿದ್ದ ಮೊಗ್ಗು ಹೊರಗೆ ತಲೆಹಾಕುವ ಹೊತ್ತು ಗಿಡದ ಬಾಳಿನಲ್ಲಿ ಅತಿ ನಾಜೂಕಿನದು, ಆಗ ಅದು ತನ್ನನ್ನು ಕಾಯುವ ವಸ್ತುಗಳನ್ನು ಹೊಸದಾಗಿ ತಯಾರಿಸಿಕೊಳ್ಳುತ್ತದೆ.

ಆದರೆ ಇದು ಪ್ರಯೋಗಾಲಯದ ಮಾತು. ಗಾಜಿನ ನಳಿಕೆಯಲ್ಲಿ ಆ್ಯಂಟಿಆಕ್ಸಿಡೆಂಟ್ ಆಗಿ ಕೆಲಸ ಮಾಡಿದ್ದು ಹೊಟ್ಟೆಗೆ ಹೋಗಿ, ಜೀರ್ಣವಾಗಿ, ರಕ್ತ ಸೇರಿದ ಮೇಲೂ ಹಾಗೆಯೇ ನಡೆಯಬೇಕೆಂದಿಲ್ಲ. ಬೆಳ್ಳುಳ್ಳಿಯದೇ ಒಂದು ಉದಾಹರಣೆ ನಮ್ಮ ಮುಂದಿದೆ. ಕೊಲೆಸ್ಟರಾಲ್ ಇಳಿಸುತ್ತದೆ ಎಂಬ ನಂಬಿಕೆಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಒರೆಗೆ ಹಚ್ಚಿದರು. 192 ಜನರಿಗೆ ಆರು ತಿಂಗಳ ಕಾಲ ಹಸಿ ಬೆಳ್ಳುಳ್ಳಿ, ಎರಡು ಬಗೆಯ ಬೆಳ್ಳುಳ್ಳಿ ಮಾತ್ರೆ, ಇಲ್ಲವೇ ಬರೀ ಹುಸಿಮಾತ್ರೆ ಕೊಟ್ಟು ನೋಡಿದರು. 2007ರಲ್ಲಿ ಬಂದ ಫಲಿತಾಂಶ: ಕೆಟ್ಟ ಕೊಲೆಸ್ಟರಾಲ್ ಎಂದು ಕರೆಯುವ ಎಲ್‌ಡಿಎಲ್‌ನಲ್ಲಿ ಯಾವ ಗುಂಪಿನಲ್ಲೂ ಗಣನೀಯ ಬದಲಾವಣೆ ಇರಲಿಲ್ಲ. ರಕ್ತದೊತ್ತಡ ಹೆಚ್ಚಿರುವವರಲ್ಲಿ ಬೆಳ್ಳುಳ್ಳಿಯ ಪುಡಿ, ಸಾರಗಳು ಒತ್ತಡವನ್ನು ಸ್ವಲ್ಪ ಇಳಿಸುತ್ತವೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಅವೆಲ್ಲ ನಡೆದಿರುವುದು ಎಸಳಿನಿಂದ ಮಾಡಿದ ಪದಾರ್ಥಗಳ ಮೇಲೆ. ಕಿಟಕಿಯಲ್ಲಿ ಬೆಳೆದ ಎಲೆ ಮಾತ್ರೆಯ ಜಾಗ ಹಿಡಿಯಲಾರದು. ಬಿ.ಪಿ. ಮಾತ್ರೆ ಬಿಟ್ಟು ಎಲೆ ಅಗಿಯುವವರನ್ನು ನಾನು ಕೈ ಹಿಡಿದು ತಡೆಯುತ್ತೇನೆ.

ಹೀಗೆ ಹೊಟ್ಟೆ ತುಂಬಿಸುವುದರ ಜೊತೆಗೆ ದೇಹಕ್ಕೆ ಬೇರೆ ಒಳಿತನ್ನೂ ಮಾಡುತ್ತದೆ ಎನ್ನುವ ಆಹಾರವನ್ನು ಕ್ರಿಯಾತ್ಮಕ ಆಹಾರ ಎನ್ನುತ್ತಾರೆ. ಆ ಮಾತು ಹುಟ್ಟಿದ್ದು 1980ರ ದಶಕದ ಜಪಾನಿನಲ್ಲಿ. ಆಹಾರಕ್ಕೆ ಮೂರು ಕೆಲಸ ಎಂದು ಅಲ್ಲಿನ ವಿಜ್ಞಾನಿಗಳು ವಿಂಗಡಿಸಿದರು: ಒಂದು ಪೋಷಣೆ, ಎರಡನೆಯದು ರುಚಿ, ಮೂರನೆಯದು ದೇಹದ ವ್ಯವಹಾರಗಳನ್ನು ಹದದಲ್ಲಿಡುವುದು. ಈ ಮೂರನೆಯದಕ್ಕೆ ಒತ್ತು ಕೊಟ್ಟ ಆಹಾರಗಳಿಗಾಗಿ 1991ರಲ್ಲಿ ಜಪಾನ್ ಸರ್ಕಾರ ಪ್ರತ್ಯೇಕ ನಿಯಮ ತಂದಿತು. ನಮ್ಮಲ್ಲಿ ಇಂಥ ಆಹಾರಗಳಿಗೆ 2016ರಲ್ಲಿ ನಿಯಮಗಳು ಬಂದವು. ಜಪಾನಿನ ಅಂಗಡಿಗಳಲ್ಲಿ ನೀರಿನಲ್ಲಿ ಬೆಳೆಸಿದ ಬೆಳ್ಳುಳ್ಳಿ ಮೊಳಕೆಯನ್ನು ಎಸಳು, ಎಲೆ, ಬಿಳಿ ಬೇರು ಎಲ್ಲ ಸಮೇತ ಮಾರುತ್ತಾರೆ. ಅವರು ಅದನ್ನು ಇಡಿಯಾಗಿ ಹಿಟ್ಟಿನಲ್ಲಿ ಅದ್ದಿ ಕರಿದು ತಿನ್ನುತ್ತಾರೆ.

ನಮಗೆ ಹತ್ತಿರದ, ನನಗೆ ಬಹಳ ಮುಖ್ಯವೆನಿಸುವ ಸಂಶೋಧನೆ ಮೈಸೂರಿನದು. ಅಲ್ಲಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನವದು. ಹೊಟ್ಟೆ, ಕರುಳಿನ ಜೀರ್ಣಕ್ರಿಯೆಯನ್ನು ಪ್ರಯೋಗಾಲಯದಲ್ಲಿ ಅನುಕರಿಸಿ, ಧಾನ್ಯ ಮತ್ತು ಕಾಳುಗಳ ಜೊತೆ ಬೆಳ್ಳುಳ್ಳಿ ಅಥವಾ ಈರುಳ್ಳಿ ಸೇರಿದಾಗ ಅವುಗಳಲ್ಲಿರುವ ಕಬ್ಬಿಣ, ಸತು ದೇಹಕ್ಕೆ ದಕ್ಕುವ ರೂಪದಲ್ಲಿ ಎಷ್ಟು ಬಿಡುಗಡೆಯಾಗುತ್ತವೆ ಎಂದು ಅವರು ಅಳೆದರು. ಎರಡೂ ಖನಿಜಗಳ ಪ್ರಮಾಣ ಹೆಚ್ಚಿತು. ರೊಟ್ಟಿ, ಮುದ್ದೆ, ಬೇಳೆಯನ್ನೇ ನಂಬಿ ಬದುಕುವ ನಮ್ಮ ಊಟದಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಇದ್ದದ್ದನ್ನು ಧಾನ್ಯ, ಕಾಳುಗಳಲ್ಲೇ ಇರುವ ಫೈಟೇಟ್ ಎಂಬ ವಸ್ತುಗಳು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ, ದೇಹಕ್ಕೆ ದಕ್ಕುವುದು ಸ್ವಲ್ಪವೇ. ರಕ್ತಹೀನತೆ ಇಷ್ಟು ಹಬ್ಬಿರುವ ನಾಡಿನಲ್ಲಿ, ಹೆಣ್ಣುಮಕ್ಕಳ ತಟ್ಟೆಗೆ ಒಂದು ಚಿಟಿಕೆ ಹಸಿ ಬೆಳ್ಳುಳ್ಳಿ ಬೀಳುವುದರ ಬೆಲೆ ದೊಡ್ಡದು. ಆ ಪ್ರಯೋಗವೂ ಎಸಳಿನದೇ. ಎಲೆಗಿರುವ ಹೆಚ್ಚುಗಾರಿಕೆ ಬೇರೆ: ಹಸಿಯಾಗಿ ತಿನ್ನಲು ಅದು ಎಸಳಿಗಿಂತ ಎಷ್ಟೋ ಹಿತ, ಮಕ್ಕಳೂ ಮುಖ ಸಿಂಡರಿಸದೆ ತಿನ್ನುತ್ತಾರೆ.

ಬೆಳೆಯುವುದು

ಗಟ್ಟಿಯಾದ ಒಳ್ಳೆಯ ಎಸಳನ್ನು ಎಲೆಗಾಗಿ ಖರ್ಚು ಮಾಡಬೇಡಿ, ಅದು ಅಡುಗೆಗಿರಲಿ. ಆಗಲೇ ಮೊಳೆಯತೊಡಗಿದ್ದು, ಬಿಡಿಸಲು ಬೇಸರವಾಗುವಷ್ಟು ಸಣ್ಣ ಎಸಳುಗಳು ಈ ಕೆಲಸಕ್ಕೆ ಸರಿ. ಕೆಲವು ಗಡ್ಡೆಗಳು ಎಷ್ಟು ದಿನವಾದರೂ ಚಿಗುರುವುದಿಲ್ಲ. ಮೊಳಕೆ ಬಾರದಿರಲೆಂದು ಬೆಳ್ಳುಳ್ಳಿ, ಈರುಳ್ಳಿ, ಆಲೂಗಡ್ಡೆಗಳನ್ನು ವಿಕಿರಣಕ್ಕೆ ಒಡ್ಡಲು ಕಾನೂನಿನಲ್ಲಿ ಅವಕಾಶವಿದೆ. ಹಾಗೆ ಮಾಡಿದ್ದು ತಿನ್ನಲು ಸುರಕ್ಷಿತ, ನೆಡಲು ಮಾತ್ರ ಬಾರದು. ಸಂತೆಯಲ್ಲಿ ಸಿಗುವ ನಾಟಿ ಬೆಳ್ಳುಳ್ಳಿ ನನಗೆ ಯಾವತ್ತೂ ಕೈಕೊಟ್ಟಿಲ್ಲ. ಇನ್ನೂ ನಿದ್ದೆಯಲ್ಲಿರುವ ಗಡ್ಡೆಯಾದರೆ ಕಾಗದದ ಚೀಲದಲ್ಲಿ ಹಾಕಿ ಎರಡು ಮೂರು ವಾರ ಫ್ರಿಜ್ಜಿನಲ್ಲಿಡಿ.

ನೀರಿನಲ್ಲಿ ಬೆಳೆಸುವಾಗ ಗಮನಿಸಬೇಕಾದದ್ದು ಒಂದೇ: ಎಸಳಿನ ಬುಡದ ತಟ್ಟೆ ಮಾತ್ರ ನೀರು ಮುಟ್ಟಬೇಕು, ಮೈ ಮುಳುಗಬಾರದು. ಮುಳುಗಿದರೆ ಎರಡು ದಿನದಲ್ಲಿ ಲೋಳೆ ಕಟ್ಟಿ ನಾರುತ್ತದೆ. ಅಗಲ ಬಾಯಿಯ ಲೋಟದಲ್ಲಿ ಎಸಳುಗಳನ್ನು ಒತ್ತೊತ್ತಾಗಿ, ಚೂಪು ತುದಿ ಮೇಲಾಗಿ ನಿಲ್ಲಿಸಿದರೆ ಒಂದಕ್ಕೊಂದು ಆನಿಕೊಂಡು ನಿಲ್ಲುತ್ತವೆ. ಹೊರಸಿಪ್ಪೆ ತೆಗೆದರೆ ಕೊಳೆಯುವುದು ಕಡಿಮೆ. ನೀರನ್ನು ದಿನವೂ ಬದಲಿಸಿ, ವಾರಕ್ಕೊಮ್ಮೆ ಲೋಟ ತೊಳೆಯಿರಿ. ಮೊದಲು ಬೇರು, ಮೂರ್ನಾಲ್ಕು ದಿನಕ್ಕೆ ಚಿಗುರು, ಎರಡು ವಾರದೊಳಗೆ 15 ಸೆಂಟಿಮೀಟರ್ ಎಲೆ. ಕೆಟ್ಟ ಎಸಳೊಂದು ಕಂಡರೆ ತಕ್ಷಣ ಎತ್ತಿ ಬಿಸಾಡಿ, ಒಂದು ಕೊಳೆತರೆ ಜೊತೆಯವನ್ನೂ ಕೆಡಿಸುತ್ತದೆ.

ನನಗೆ ಕುಂಡವೇ ಹೆಚ್ಚು ಇಷ್ಟ. ತೆಂಗಿನ ನಾರಿನ ಪುಡಿ ಮತ್ತು ಎರೆಗೊಬ್ಬರವನ್ನು ಅರ್ಧರ್ಧ ಬೆರೆಸಿ, ನಾಲ್ಕು ಬೆರಳು ಆಳದ ಯಾವುದೇ ಡಬ್ಬಿಗೆ ತುಂಬಿ, ತಳಕ್ಕೆ ತೂತು ಮಾಡಿ, ಎಸಳುಗಳನ್ನು ಎರಡು ಬೆರಳು ಅಂತರದಲ್ಲಿ ಮುಚ್ಚುವಷ್ಟು ಊರಿದರೆ ಮುಗಿಯಿತು. ಇಲ್ಲಿ ಬೇರಿಗೆ ನಿಜವಾದ ಊಟ ಸಿಗುತ್ತದೆ. ಗೊಬ್ಬರದಲ್ಲಿರುವ ಸಾರಜನಕ, ಗಂಧಕ, ಕಬ್ಬಿಣವನ್ನು ಗಿಡ ಹೀರುತ್ತದೆ, ಬುತ್ತಿ ತೀರಿದ ಮೇಲೂ ಬೆಳೆಯುತ್ತದೆ. ಎಲೆ ದಪ್ಪ, ಬಣ್ಣ ಕಡು, ಘಾಟೂ ಹೆಚ್ಚು. ನೀರಿನದು ಎರಡು ಕೊಯ್ಲಿಗೆ ಸೊರಗಿದರೆ ಕುಂಡದ್ದು ಮೂರ್ನಾಲ್ಕು ಕೊಯ್ಲು ಕೊಡುತ್ತದೆ.

ಬೆಳ್ಳುಳ್ಳಿಗೆ 15ರಿಂದ 20 ಡಿಗ್ರಿ ತಂಪು ಹಿತ. ಬೆಂಗಳೂರು, ಮೈಸೂರು, ಮಲೆನಾಡಿನಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ರಾಯಚೂರು, ಕಲಬುರಗಿ ಕಡೆಯವರು ಬೇಸಿಗೆಯಲ್ಲಿ ಬೆಳೆಸುವುದಾದರೆ ಬೆಳಗಿನ ಬಿಸಿಲಷ್ಟೇ ಬೀಳುವ ಕಿಟಕಿ ನೋಡಿಕೊಳ್ಳಬೇಕು. ಮಧ್ಯಾಹ್ನದ ಬಿಸಿಲಿಗೆ ಎಲೆಯ ತುದಿ ಒಣಗಿ ಹಳದಿಯಾಗುತ್ತದೆ. ಕೊಯ್ಯುವಾಗ ಬುಡದಿಂದ ಎರಡು ಬೆರಳು ಬಿಟ್ಟು ಕತ್ತರಿಯಲ್ಲಿ ಕತ್ತರಿಸಿ. ಕಿತ್ತರೆ ಎಳೆ ಮೊಗ್ಗೂ ಜೊತೆಗೆ ಬಂದುಬಿಡುತ್ತದೆ.

ತಟ್ಟೆಗೆ ಬಂದಾಗ

ಗುಜರಾತಿನವರಿಗೆ ಚಳಿಗಾಲವೆಂದರೆ ಲೀಲು ಲಸಣ್, ಹಸಿರು ಬೆಳ್ಳುಳ್ಳಿ. ಸೂರತ್ತಿನ ‘ಉಂಧಿಯು’ ಎಂಬ ತರಕಾರಿ ಅಡುಗೆ ಅದಿಲ್ಲದೆ ಆಗುವುದಿಲ್ಲ. ನಮ್ಮ ಉತ್ತರ ಕರ್ನಾಟಕದ ಊಟದಲ್ಲಿ ಖಡಕ್ ರೊಟ್ಟಿಯ ಪಕ್ಕ ಹಸಿ ತಪ್ಪಲು ಇಟ್ಟುಕೊಳ್ಳುವ ರೂಢಿ ಇದ್ದೇ ಇದೆ. ಉಳ್ಳಾಗಡ್ಡಿ ತಪ್ಪಲಿನ ಜೊತೆ ಬಳ್ಳೊಳ್ಳಿ ತಪ್ಪಲೂ ಸೇರಲಿ. ಹೆಚ್ಚಿದ ಎಲೆಗೆ ಶೇಂಗಾ ಚಟ್ನಿಪುಡಿ, ಒಂದು ಚಮಚ ಎಣ್ಣೆ ಕಲಸಿದರೆ ರೊಟ್ಟಿಗೆ ಬೇರೇನೂ ಬೇಡ. ಬೀಟಾ ಕ್ಯಾರೋಟಿನ್ ದೇಹಕ್ಕೆ ದಕ್ಕಲು ಕೊಬ್ಬು ಬೇಕು, ಆ ಎಣ್ಣೆ ಮತ್ತು ಶೇಂಗಾ ಅದನ್ನು ಒದಗಿಸುತ್ತವೆ. ಮಂಡ್ಯ ಕಡೆಯವರು ಉಪ್ಸಾರಿನ ಖಾರ ಅರೆಯುವಾಗ ಕೊನೆಗೆ ಒಂದು ಹಿಡಿ ಎಲೆ ಹಾಕಿ ಒಂದು ಸುತ್ತು ತಿರುಗಿಸಿ ನೋಡಬಹುದು. ಅಕ್ಕಿರೊಟ್ಟಿ ಹಿಟ್ಟಿಗೆ ಸಬ್ಬಸಿಗೆ ಬದಲು ಇದನ್ನು ಕಲಸಿದರೂ ಚೆನ್ನ, ಆದರೆ ಹೆಂಚಿನ ಬಿಸಿಗೆ ಘಾಟು ಅರ್ಧ ಇಳಿಯುತ್ತದೆ.

ಎಚ್ಚರ ವಹಿಸಬೇಕಾದ ಕೆಲವು ಜಾಗಗಳಿವೆ. ಎಲ್ಲಕ್ಕಿಂತ ಮುಖ್ಯವಾದದ್ದು ಎಣ್ಣೆಯದು. ಹೆಚ್ಚಿದ ಬೆಳ್ಳುಳ್ಳಿಯನ್ನಾಗಲಿ ಎಲೆಯನ್ನಾಗಲಿ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡಬೇಡಿ. ಮಣ್ಣಿನಲ್ಲಿರುವ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಗಾಳಿಯಾಡದ, ಹುಳಿಯಿಲ್ಲದ ಕಡೆ ಚಿಗುರಿ ಮಾರಕ ವಿಷ ಮಾಡುತ್ತವೆ. ವಾಸನೆಯಲ್ಲಾಗಲಿ ರುಚಿಯಲ್ಲಾಗಲಿ ಗೊತ್ತಾಗುವುದಿಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದಲೇ ಹಲವರು ಹೀಗೆ ಕಾಯಿಲೆ ಬಿದ್ದರು. ಎಣ್ಣೆಯಲ್ಲಿ ಇಡಲೇಬೇಕೆಂದರೆ ಫ್ರಿಜ್ಜಿನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ. ನೀರಿನಲ್ಲಿ ಬೆಳೆದ ಎಲೆಯನ್ನು ಹಸಿಯಾಗಿ ತಿನ್ನುವ ಮುನ್ನ ಚೆನ್ನಾಗಿ ತೊಳೆಯುವುದನ್ನು ಮರೆಯಬೇಡಿ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಇ. ಕೋಲಿ ಸೋಂಕು 50ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಬೆಚ್ಚಗೆ, ತೇವದಲ್ಲಿ ಬೆಳೆಯುವ ಬೀಜದ ಮೊಳಕೆಯಷ್ಟು ಅಪಾಯ ಇಲ್ಲಿಲ್ಲವಾದರೂ ನಾರುವ ನೀರಿನ ಎಲೆಯನ್ನು ಮಕ್ಕಳಿಗೆ ಕೊಡಬಾರದು.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಶಸ್ತ್ರಚಿಕಿತ್ಸೆಗೆ ದಿನ ನಿಗದಿಯಾದವರು ಬೆಳ್ಳುಳ್ಳಿಯನ್ನು ಹೆಚ್ಚಾಗಿ ತಿನ್ನುವ ಮೊದಲು ವೈದ್ಯರಿಗೆ ತಿಳಿಸಬೇಕು. ಬೆಳ್ಳುಳ್ಳಿ ರಕ್ತ ಹೆಪ್ಪುಗಟ್ಟುವುದನ್ನು ನಿಧಾನಿಸಬಲ್ಲದು. ಹಸಿರೆಲೆಯ ವಿಟಮಿನ್ ಕೆ, ರಕ್ತ ತೆಳುವಾಗಿಸುವ ವಾರ್ಫರಿನ್ ಎಂಬ ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತದೆ. ಎಸಳಿನ ಫ್ರಕ್ಟಾನ್ ಕೆಲವರ ಹೊಟ್ಟೆ ಉಬ್ಬರಿಸುತ್ತದೆ. ಅಂಥವರು ಎಲೆಯ ಹಸಿರು ಭಾಗವನ್ನು ಸ್ವಲ್ಪ ಸ್ವಲ್ಪವೇ ತಿಂದು ನೋಡಬಹುದು.

ಲೋಟದಲ್ಲಿ, ಪುಟ್ಟ ಡಬ್ಬಿಯಲ್ಲಿ ಹೊಸ ಗಡ್ಡೆ ಕಟ್ಟೀತೆಂದು ಕಾಯುವುದು ಬೇಡ. ಗಡ್ಡೆ ಕಟ್ಟಲು ತಿಂಗಳುಗಟ್ಟಲೆ ಬೇರೂರಿ ಬೆಳೆಯಬೇಕು, ತಂಪು ತಗುಲಿರಬೇಕು, ಆಮೇಲೆ ಹಗಲು ಉದ್ದವಾಗಬೇಕು. ಕೊಯ್ಲು ಮುಗಿದ ಮೇಲೆ ಎಸಳು ಮುಟ್ಟಿದರೆ ಬರೀ ಸಿಪ್ಪೆಯಂತೆ ಹಗುರ. ಅದನ್ನು ಕುಂಡದ ಗೊಬ್ಬರಕ್ಕೆ ಸೇರಿಸಿ, ಬುಟ್ಟಿಯಲ್ಲಿ ಇನ್ಯಾವ ಎಸಳು ಮೂತಿ ಹೊರಗೆ ಹಾಕಿದೆಯೋ ಅದನ್ನು ಲೋಟಕ್ಕಿಳಿಸಿದರೆ, ಮುಂದಿನ ಎರಡು ವಾರಕ್ಕೆ ಎಲೆ ಸಿದ್ಧ.